ಕಾರಿನ ಸೈಲೆನ್ಸರ್ ಪೈಪ್ ಎಲ್ಲಿ ಲೀಕ್ ಆಗುತ್ತಿದೆ ಎಂದು ಮನೆಯಲ್ಲೇ ಕಂಡುಹಿಡಿಯಬಹುದೇ?

ನಿಮ್ಮ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದುಗಡೆ ಟಕ್ ಟಕ್ ಎನ್ನುತ್ತದೆ, ಐದು ನಿಮಿಷಕ್ಕೆ ಸದ್ದು ನಿಲ್ಲುತ್ತದೆ, ಒಮ್ಮೊಮ್ಮೆ ಒಳಗೆ ಹೊಗೆ ವಾಸನೆ ಬರುತ್ತದೆ ಎಂದು ಬರೆದಿದ್ದೀರಿ. ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಹುಡುಕಬಹುದೇ ಅಂತ ಕೇಳಿದ್ದೀರಿ. ಖಂಡಿತ ಹುಡುಕಬಹುದು. ಕಾರವಾರದಲ್ಲಿ ನಮ್ಮ ಮನೆ ಅಂಗಳದಲ್ಲೇ ನಾನೂ ಹುಡುಕಿದ್ದೇನೆ. ಆದರೆ ನನಗೆ ಆ ಸದ್ದಿಗಿಂತ ಒಳಗೆ ಬರುವ ವಾಸನೆಯದೇ ಜಾಸ್ತಿ ಚಿಂತೆ.

ಯಾಕೆ ಅಂದರೆ, ನಮ್ಮ ಆಯಿಗೆ ಶಿರಸಿಗೆ ಹೋಗುವಾಗೆಲ್ಲ ತಲೆನೋವು, ವಾಕರಿಕೆ. ದೇವಿಮನೆ ಘಟ್ಟದ ತಿರುವಿಗೆ ಹಾಗಾಗುತ್ತದೆ ಎಂದುಕೊಂಡು ಲಿಂಬೆಹಣ್ಣು ಕೊಟ್ಟು ಸುಮ್ಮನಾಗುತ್ತಿದ್ದೆವು. ಒಮ್ಮೆ ಜೋರು ಮಳೆ. ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಅರ್ಧ ಗಂಟೆ ಕಾರಿನಲ್ಲೇ ಕುಳಿತಿದ್ದೆವು. ಆಗಲೂ ಅವರಿಗೆ ಅದೇ ತಲೆನೋವು. ನಿಂತ ಕಾರಿನಲ್ಲಿ ತಿರುವು ಎಲ್ಲಿಂದ ಬರಬೇಕು? ಮರುದಿನ ಕೆಳಗೆ ಬಗ್ಗಿ ನೋಡಿದರೆ, ಮುಂದಿನ ಸೀಟಿನ ಕೆಳಗಿನ ಪೈಪ್ ಜಾಯಿಂಟ್ ಸುತ್ತ ಕಪ್ಪು ಮಸಿ.

ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗಕ್ಕೆ ಅದು 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಮೂಗಿಗೆ ಬರುತ್ತಿರುವುದು ಹೊಗೆಯ ಬೇರೆ ಅಂಶಗಳ ವಾಸನೆ. ಹಾಗಾಗಿ ವಾಸನೆ ಇಲ್ಲದ ದಿನವೂ ಅಪಾಯವಿಲ್ಲ ಎಂದು ತಿಳಿಯಬೇಡಿ. ರಿಪೇರಿ ಆಗುವ ತನಕ ಮಕ್ಕಳನ್ನು, ವಯಸ್ಸಾದವರನ್ನು ಆ ಕಾರಿನಲ್ಲಿ ಕೂರಿಸಬೇಡಿ.

ಈಗ ಹುಡುಕುವ ಕೆಲಸ. ಕಾರನ್ನು ಶೆಡ್ಡಿನಿಂದ ಹೊರಗೆ, ತೆರೆದ ಅಂಗಳಕ್ಕೆ ತನ್ನಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಶುರು ಮಾಡಿ. ನಿಮ್ಮ ಸದ್ದು ಐದು ನಿಮಿಷಕ್ಕೆ ನಿಲ್ಲುವುದರಲ್ಲೇ ಒಂದು ಸುಳಿವಿದೆ. ಬಿಸಿಯಾದಾಗ ಲೋಹ ಹಿಗ್ಗಿ ಸಣ್ಣ ಸಂದು ಮುಚ್ಚಿಕೊಳ್ಳುತ್ತದೆ. ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಬಿಡುವ ಭಾಗಕ್ಕೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಇಂಥ ಸದ್ದು ಹೆಚ್ಚಾಗಿ ಅದರ ಪ್ಯಾಕಿಂಗ್‌ನಿಂದ (ಸಂದು ಮುಚ್ಚಲು ನಡುವೆ ಇಡುವ ತೆಳು ಹಾಳೆ) ಅಥವಾ ಅದರ ಕೆಳಗಿನ ಜಾಯಿಂಟ್‌ನಿಂದ ಬರುತ್ತದೆ.

ಮೊದಲು ಟಾರ್ಚ್ ಹಿಡಿದು ಮಸಿ ಹುಡುಕಿ. ಹೊಗೆ ನುಸುಳುವ ಕಡೆ ಕಪ್ಪು ಅಥವಾ ಬೂದು ಗೀಟು ಬಿದ್ದಿರುತ್ತದೆ. ಆಮೇಲೆ ಯಾರಾದರೂ ಸ್ಟಾರ್ಟ್ ಮಾಡಲಿ. ನೀವು ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ಉದ್ದ ತುಂಡು ತೆಗೆದುಕೊಂಡು, ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಹತ್ತಿರ ಒಯ್ಯಿರಿ. ಫ್ಯಾನ್, ಬೆಲ್ಟ್ ಹತ್ತಿರ ಮಾತ್ರ ಬೇಡ. ಲೀಕ್ ಇರುವಲ್ಲಿ ಸದ್ದು ಥಟ್ಟನೆ ಜೋರಾಗುತ್ತದೆ.

ಮಸಿಯೂ ಕಾಣಲಿಲ್ಲ, ಕಿವಿಗೂ ಸಿಗಲಿಲ್ಲ ಎಂದರೆ ಸೋಪು ನೀರು. ಎಂಜಿನ್ ಆಫ್ ಮಾಡಿ, ಮತ್ತೆ ಪೂರ್ತಿ ತಣ್ಣಗಾಗಲು ಬಿಡಿ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಹಿಂದಿನ ಪೈಪಿಗೆ ಇಟ್ಟು, ಸುತ್ತ ಬಟ್ಟೆ ಸುತ್ತಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಜಾಯಿಂಟ್‌ಗಳಿಗೆ ಸಿಂಪಡಿಸಿ. ಗುಳ್ಳೆ ಏಳುವ ಜಾಗವೇ ಲೀಕ್. ನನಗೆ ಅತಿ ನಂಬಿಕೆ ಇರುವುದು ಇದರ ಮೇಲೆ. ಇಲ್ಲಿ ಊಹೆಗೆ ಜಾಗವಿಲ್ಲ, ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಕಾರು ಎತ್ತಿ ಕೆಳಗೆ ಹೋಗಬೇಕಾದರೆ ದಯವಿಟ್ಟು ಬರೀ ಜಾಕ್ ನಂಬಬೇಡಿ. ನಮ್ಮ ಕಡೆ ಚಿರೇಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಕೈಗೆ ಸಿಗುತ್ತದೆ ಅಂತ ಅದನ್ನೇ ಅಡಿಗೆ ಇಡುವವರಿದ್ದಾರೆ. ಅದು ಭಾರಕ್ಕೆ ಒಡೆಯುತ್ತದೆ. ಗಾಲಿಗೆ ತಡೆಯಾಗಿ ಇಡಿ, ಕಾರಿನ ಭಾರವನ್ನು ಮಾತ್ರ ಅದರ ಮೇಲೆ ಹಾಕಬೇಡಿ. ಎತ್ತಿದ ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗಿನ ಭಾಗವನ್ನು ಗ್ಯಾರೇಜಿಗೇ ಬಿಡಿ.

ಕರಾವಳಿಯಲ್ಲಿ ಸೈಲೆನ್ಸರ್ ಬೇಗ ಹಾಳಾಗುವುದಕ್ಕೆ ಉಪ್ಪು ಗಾಳಿಯನ್ನೇ ಎಲ್ಲರೂ ಬೈಯುತ್ತೇವೆ. ಅದು ನಿಜ, ಆದರೆ ಅರ್ಧ ಮಾತ್ರ. 1 ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ 1 ಲೀಟರ್ ನೀರು ಹುಟ್ಟುತ್ತದೆ. ದೂರದ ಓಡಾಟದಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಮೀನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಸೈಲೆನ್ಸರ್ ಬಿಸಿಯೇ ಆಗಿರುವುದಿಲ್ಲ. ನೀರು ಒಳಗೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಅದಕ್ಕೇ ಕೆಲವು ಸೈಲೆನ್ಸರ್‌ಗಳ ತಳದಲ್ಲಿ ನೀರು ಇಳಿಯಲು ಕಂಪನಿಯೇ ಸಣ್ಣ ತೂತು ಬಿಟ್ಟಿರುತ್ತದೆ. ಅಲ್ಲಿ ಗುಳ್ಳೆ ಬಂದರೆ ಲೀಕ್ ಎಂದು ಮುಚ್ಚಿಬಿಡಬೇಡಿ.

ಜಾಗ ಸಿಕ್ಕಿದ ಮೇಲೆ ಫೋಟೋ ತೆಗೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ ಗ್ಯಾರೇಜಿಗೆ ಹೋಗಿ. ಪ್ಯಾಕಿಂಗ್ ಮಾತ್ರ ಹೋಗಿದ್ದರೆ ಅದನ್ನಷ್ಟೇ ಬದಲಿಸಬಹುದು, ಪೂರ್ತಿ ಸೈಲೆನ್ಸರ್ ಬೇಕಾಗಿಲ್ಲ. ನಮ್ಮದರಲ್ಲಿ ಪ್ಯಾಕಿಂಗ್ ಮತ್ತು ಎರಡು ತುಕ್ಕು ಹಿಡಿದ ಬೋಲ್ಟ್ ಬದಲಿಸಿದ್ದಷ್ಟೇ. ತೂತಿನ ಮೇಲೆ ಮೆತ್ತುವ ಸೈಲೆನ್ಸರ್ ಪೇಸ್ಟ್ ಹಚ್ಚಿ ಕೊಡುತ್ತೇವೆ ಎಂದರೆ, ಒಳಗೆ ವಾಸನೆ ಬರುವ ನಿಮ್ಮ ಕಾರಿಗೆ ಅದು ಬೇಡ.

ರಿಪೇರಿ ಆದ ದಿನ ಗ್ಯಾರೇಜಿನಲ್ಲಿ ಸದ್ದು ಕೇಳದೇ ಇರಬಹುದು. ಆಗ ಎಂಜಿನ್ ಬಿಸಿ ಇರುತ್ತದೆ ಅಲ್ವಾ? ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಮೊದಲಿನಂತೆಯೇ ಹಿಂದಿನಿಂದ ಗಾಳಿ ಊದಿ, ಅದೇ ಜಾಯಿಂಟ್‌ಗೆ ಇನ್ನೊಮ್ಮೆ ಸೋಪು ನೀರು ಹಾಕಿ ನೋಡಿ. ಗುಳ್ಳೆ ಏಳದಿದ್ದರೆ ಮನೆಯವರನ್ನು ಕೂರಿಸಿಕೊಂಡು ಹೊರಡಿ.