ಹೋಗೋದಕ್ಕೆ ಹನ್ನೊಂದೂವರೆ ಗಂಟೆ, ಬರೋದಕ್ಕೆ ಆರೂವರೆ?

ಪ್ರಶ್ನೆ: ಮಗ ಟೋಕಿಯೋದಲ್ಲಿದ್ದಾನೆ. ನಾನು, ನಮ್ಮ ಮನೆಯವರು ಮೊದಲ ಸಲ ಹೊರಟಿದ್ದೇವೆ. ಟಿಕೆಟ್ಟಿನಲ್ಲಿ ಬೆಂಗಳೂರು ಬಿಡೋದು ಸಂಜೆ 7ಕ್ಕೆ, ನರಿಟಾ ತಲುಪೋದು ಮರುದಿನ ಬೆಳಿಗ್ಗೆ 6.30ಕ್ಕೆ ಅಂತಿದೆ. ಬರುವಾಗ ಬೆಳಿಗ್ಗೆ 11ಕ್ಕೆ ಬಿಟ್ಟು ಅದೇ ಸಂಜೆ 5.30ಕ್ಕೆ ಬೆಂಗಳೂರು. ದಾರಿ ಒಂದೇ ಅಲ್ವಾ, ಐದು ಗಂಟೆ ಹೇಗೆ ಉಳಿಯಿತು? ಭೂಮಿ ತಿರುಗೋದರಿಂದ ಹೀಗೆ ಅಂತಾರೆ ಪಕ್ಕದ ಮನೆಯವರು.
- ಓದುಗರೊಬ್ಬರು, ದಾವಣಗೆರೆ

ಉತ್ತರ: ಉಳಿಯೋದಿಲ್ಲ, ಬರುವಾಗಲೇ ಜಾಸ್ತಿ ಹೊತ್ತು ಕೂರಬೇಕು! ಟಿಕೆಟ್ಟಿನಲ್ಲಿ ಹಾಕೋದು ಆಯಾ ಊರಿನ ಗಡಿಯಾರದ ಸಮಯ, ಮತ್ತು ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಹೋಗುವಾಗಿನ ಹನ್ನೊಂದೂವರೆಯಲ್ಲಿ ಮೂರೂವರೆ ಕಳೆಯಿರಿ, 8 ಗಂಟೆ. ಬರುವಾಗಿನ ಆರೂವರೆಗೆ ಅದನ್ನೇ ಕೂಡಿಸಿ, 10 ಗಂಟೆ.

ಈಗ ನಿಜವಾದ ಪ್ರಶ್ನೆ. ನೇರ ದೂರ ಎರಡೂ ಕಡೆಗೆ ಸುಮಾರು 6,700 ಕಿ.ಮೀ., ಮತ್ತೆ ಈ ಎರಡು ಗಂಟೆ ವ್ಯತ್ಯಾಸ ಯಾಕೆ? ಗಾಳಿ. ವಿಮಾನ ಹಾರುವ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಸಿನ ಗಾಳಿ ಹರಿಯುತ್ತದೆ, ಚಳಿಗಾಲದಲ್ಲಿ ಜಪಾನಿನ ಮೇಲಂತೂ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. ದಾರಿಯುದ್ದಕ್ಕೂ ಅಷ್ಟು ಗಾಳಿ ಸಿಗೋದಿಲ್ಲ, ಲೆಕ್ಕಕ್ಕೆ ಸರಾಸರಿ 100 ಅಂತಿಟ್ಟುಕೊಳ್ಳಿ. ವಿಮಾನದ ವೇಗ 900 ಆದರೆ ಹೋಗುವಾಗ 1,000, ಬರುವಾಗ 800. ಅಂದರೆ ಹೋಗಲು 6 ಗಂಟೆ 42 ನಿಮಿಷ, ಬರಲು 8 ಗಂಟೆ 22 ನಿಮಿಷ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು, ಇದನ್ನೆಲ್ಲ ಸೇರಿಸಿದರೆ ನಿಮ್ಮ ಟಿಕೆಟ್ಟಿನ ಲೆಕ್ಕದ ಹತ್ತಿರ ಬರುತ್ತದೆ. ಗಾಳಿ ತೀರಾ ಜೋರಿದ್ದರೆ ಬರುವಾಗ ಅದನ್ನು ತಪ್ಪಿಸಿ ಸ್ವಲ್ಪ ಸುತ್ತಿಕೊಂಡು ಬರೋದೂ ಉಂಟು, ಕಿಲೋಮೀಟರ್ ಹೆಚ್ಚಾದರೂ ಇಂಧನ ಉಳಿಯುತ್ತದೆ. ಬೇಸಿಗೆಯಲ್ಲಿ ಈ ಗಾಳಿ ಉತ್ತರಕ್ಕೆ ಸರಿದು ಸಪ್ಪೆಯಾಗುತ್ತದೆ, ಆಗ ವ್ಯತ್ಯಾಸವೂ ಕಡಿಮೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ, ಹವಾಮಾನ ತಜ್ಞ ವಾಸಾಬುರೊ ಒಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನು ಬಿಟ್ಟು ಅಳೆದರು. ಆದರೆ ಜಗತ್ತೆಲ್ಲ ಓದಲಿ ಅಂತ ವರದಿಯನ್ನು ಎಸ್ಪೆರಾಂಟೊದಲ್ಲಿ ಬರೆದರು ನೋಡಿ, ಅದು ಎಲ್ಲ ದೇಶದವರಿಗೂ ಆಗಲಿ ಅಂತ ಕಟ್ಟಿದ ಭಾಷೆ, ಆದರೆ ಬಲ್ಲವರು ಕಡಿಮೆ, ಹೊರಗಿನವರು ಹೆಚ್ಚಾಗಿ ಗಮನಿಸಲೇ ಇಲ್ಲ. ಪಾಪ.

ಪಕ್ಕದ ಮನೆಯವರಿಗೆ ಅರ್ಧ ಮಾರ್ಕು ಕೊಡಬಹುದು. ವಿಮಾನ ಮೇಲಿದ್ದಾಗ ಕೆಳಗೆ ಭೂಮಿ ತಿರುಗಿ ಟೋಕಿಯೋ ಹತ್ತಿರ ಬರೋದಿಲ್ಲ, ಯಾಕಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿರುತ್ತದೆ. ಆದರೆ ಉತ್ತರಕ್ಕೆ ಹೊರಟ ಬಿಸಿಗಾಳಿ ಪೂರ್ವಕ್ಕೆ ವಾಲಿ ಜೆಟ್ ಸ್ಟ್ರೀಮ್ ಆಗೋದಕ್ಕೆ ಭೂಮಿಯ ತಿರುಗಾಟ ಬೇಕೇ ಬೇಕು.

ಪ್ರಶ್ನೆ: ಹಾಗಾದರೆ ಬೆಂಗಳೂರು-ಸಿಂಗಾಪುರಕ್ಕೂ ಇಷ್ಟೇ ವ್ಯತ್ಯಾಸವೇ?
- ಓದುಗರೊಬ್ಬರು, ಉಡುಪಿ

ಉತ್ತರ: ಇಲ್ಲ. ಸುಮಾರು 3,200 ಕಿ.ಮೀ., ಎರಡೂ ಕಡೆಗೆ ನಾಲ್ಕೂವರೆ ಗಂಟೆ ಆಸುಪಾಸು. ಸಿಂಗಾಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ, ಜಪಾನಿನ ಆ ಗಾಳಿ ಅಷ್ಟು ಕೆಳಗೆ ಬರೋದಿಲ್ಲ. ಗಡಿಯಾರವನ್ನು ಮಾತ್ರ ಎರಡೂವರೆ ಗಂಟೆ ಮುಂದಿಡಿ.