ಹ್ಯಾರಿ ಪಾಟರ್ ಪುಸ್ತಕದಲ್ಲಿ ಇಲ್ಲದ ಆ ಡೇರೆಯ ಡಾನ್ಸ್ ಸಿನಿಮಾದಲ್ಲಿ ಯಾಕೆ ಬಂತು?

ಮಾತಿಲ್ಲದೆ ಇಬ್ಬರ ಒಂಟಿತನ ತೋರಿಸೋಕೆ. 'ಡೆತ್ಲಿ ಹ್ಯಾಲೋಸ್' ಮೊದಲ ಭಾಗದಲ್ಲಿ (2010) ಗೆಳೆಯ ರಾನ್ ಜಗಳ ಮಾಡಿ ಹೊರಟುಹೋದ ಮೇಲೆ, ಡೇರೆಯಲ್ಲಿ ಹ್ಯಾರಿ ರೇಡಿಯೋ ಹಾಡಿಗೆ ಸ್ನೇಹಿತೆ ಹರ್ಮೈನಿಯನ್ನು ಕುಣಿಯಲು ಎಬ್ಬಿಸುತ್ತಾನೆ.

ಪುಸ್ತಕ ಹ್ಯಾರಿಯ ತಲೆಯೊಳಗೆ ಕೂತು ಕಥೆ ಹೇಳುತ್ತದೆ. ಅವಳು ರಾತ್ರಿ ಅಳುವುದು, ಇಬ್ಬರೂ ರಾನ್ ಹೆಸರೇ ಎತ್ತದಿರುವುದು, ಆ ಅಳು ಕೇಳಿಸಿಕೊಂಡು ಹ್ಯಾರಿಗೆ ಆಗುವ ಸಂಕಟ, ಎಲ್ಲವನ್ನೂ ಒಂದೆರಡು ಸಾಲಲ್ಲಿ ಬರೆದುಬಿಡಬಹುದು. ಕ್ಯಾಮೆರಾಗೆ ಅದು ಆಗಲ್ಲ, ಅದಕ್ಕೆ ಕಣ್ಣಿಗೆ ಕಾಣುವ ಒಂದು ಕೆಲಸ ಬೇಕು.

'ಇದು ಪ್ರೀತಿಯ ಸೂಚನೆ' ಅಂತ ಕೆಲವು ಅಭಿಮಾನಿಗಳು ವಾದಿಸುತ್ತಾರೆ. ನನಗೆ ಹಾಗನ್ನಿಸಲ್ಲ. ಕುಣಿಯುವ ಮೊದಲು ಅವನು ಅವಳ ಕೊರಳಿಂದ ಆ ಲಾಕೆಟ್ ತೆಗೆಯುತ್ತಾನೆ ನೋಡಿ, ಹಾಕಿಕೊಂಡವರ ಮನಸ್ಸು ಕೆಡಿಸುವ ಶಾಪದ ಪದಕ ಅದು, ಅಂದರೆ ಸ್ವಲ್ಪ ಹೊತ್ತು ಅವಳ ಭಾರ ಇಳಿಸುತ್ತಿದ್ದಾನೆ ಅಷ್ಟೇ ಅಲ್ವಾ? ಕುಣಿತವೂ ಸುಮ್ನೆ ಪೆದ್ದುಪೆದ್ದಾಗಿದೆ. ಹಾಡು ಮುಗಿದದ್ದೇ ಇಬ್ಬರ ನಗುವೂ ಮಾಯ. ರಾನ್ ಇನ್ನೂ ಬಂದಿಲ್ಲ.