"ಯಾವ ಪಾಪಕ್ಕೆ ಮೇಡಂ?"

ಸವಿತಾಗೆ 27 ವರ್ಷ. ಹೆಸರು, ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ. ಮಂಡ್ಯ ಜಿಲ್ಲೆ, ವಿಶ್ವೇಶ್ವರಯ್ಯ ನಾಲೆ ಪಕ್ಕದ ಒಂದು ಹಳ್ಳಿ ಅಂದರೆ ಸಾಕು. ಆಪ್ತಸಲಹೆಗೆ ನನ್ನ ಹತ್ತಿರ ಮೊದಲ ದಿನ ಬಂದವಳು ಮಾತಾಡಲಿಲ್ಲ. ಕವರಿನಿಂದ ಕೆಮ್ಮಿನ ಔಷಧಿ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳದ ಸೀಲ್ ಒಡೆದಿರಲಿಲ್ಲ. ಮೇಲಿನ ಚೀಟಿ ನೀರಲ್ಲಿ ನೆನೆದು ಅರ್ಧ ಕಿತ್ತುಹೋಗಿತ್ತು.

ಗಂಡ ಆಲೆಮನೆಯಲ್ಲಿ ಕೆಲಸ ಮಾಡುತ್ತಿದ್ದ. ಮಗುವಿಗೆ ಕೆಮ್ಮು, ಬರ್ತಾ ಔಷಧಿ ತನ್ನಿ ಅಂತ ಇವಳು ರಾತ್ರಿ ಎಂಟೂವರೆಗೆ ಫೋನ್ ಮಾಡಿದ್ದಳು. ತಗೊಂಡು ಬರುವಾಗ ನಾಲೆ ಏರಿಯ ತಿರುವಿನಲ್ಲಿ ಬೈಕು ನೀರಿಗೆ ಬಿತ್ತು. ಅಲ್ಲಿ ತಡೆಗೋಡೆ ಇಲ್ಲ, ದೀಪ ಇಲ್ಲ. ಬೆಳಿಗ್ಗೆ ಸಿಕ್ಕಾಗ ಬಾಟಲಿ ಜೇಬಿನಲ್ಲೇ ಇತ್ತು.

ನನ್ನ ಹತ್ತಿರ ಬರುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಊರು ಕಾರಣ ಹುಡುಕಿ ಮುಗಿಸಿತ್ತು. ಕುಡಿದಿದ್ದನಂತೆ. ಯಾರದ್ದೋ ದುಡ್ಡು ತಿಂದಿದ್ದನಂತೆ, ಮಾಡಿದ್ದುಣ್ಣೋ ಮಹಾರಾಯ. ಮನೆಯಲ್ಲಿ ಅತ್ತೆಯ ಮಾತು ಒಂದೇ: ಇವಳ ಕಾಲ್ಗುಣ. ಮದುವೆಯಾದ ವರ್ಷ ಮಾವ ಹೋದರು, ಮರುವರ್ಷ ಹಸು ಸತ್ತಿತು, ಈಗ ಮಗ.

"ನಾನು ಯಾವ ಪಾಪ ಮಾಡಿದ್ದೆ ಮೇಡಂ?"

ನಿನ್ನದೇನೂ ತಪ್ಪಿಲ್ಲ ಅಂತ ತಕ್ಷಣ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆ ಮಾತನ್ನು ತವರಿನವರು ನೂರು ಸಲ ಹೇಳಿರುತ್ತಾರೆ, ಅದು ಕಿವಿಯ ಹೊರಗೇ ನಿಂತಿರುತ್ತದೆ. "ಬರ್ತಾ ಅದು ತನ್ನಿ, ಇದು ತನ್ನಿ ಅಂತ ಎಷ್ಟು ದಿನ ಫೋನ್ ಮಾಡಿದ್ದೆ?" ಅಂತ ಕೇಳಿದೆ.

"ದಿನಾ ಮಾಡ್ತಿದ್ದೆ."

"ಅಷ್ಟು ದಿನ ಹುಷಾರಾಗಿ ಮನೆಗೆ ಬಂದರಲ್ಲ, ಅದಕ್ಕೂ ನಿನ್ನ ಫೋನೇ ಕಾರಣವಾ?"

ತುಂಬಾ ಹೊತ್ತು ಬಾಟಲಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಅತ್ತಳು.

ತನ್ನನ್ನು ತಾನೇ ದೂರಿಕೊಳ್ಳುವುದರಲ್ಲಿ ಎರಡು ಬಗೆ ಇದೆ ಅಂತ ರೋನಿ ಜಾನಾಫ್-ಬುಲ್ಮನ್ ಎಂಬ ಮನಶ್ಶಾಸ್ತ್ರಜ್ಞೆ 1979ರಲ್ಲಿ ಬರೆದಿದ್ದರು. "ನಾನು ಹಾಗೆ ಮಾಡಬಾರದಿತ್ತು" ಅನ್ನುವುದು ಒಂದು. "ನಾನೇ ಸರಿಯಿಲ್ಲ" ಅನ್ನುವುದು ಇನ್ನೊಂದು. ಫೋನಿನ ಕೊರಗು ಮೊದಲನೆಯದು. ಕಾಲ್ಗುಣದ ಮಾತು ಅವಳನ್ನು ಎರಡನೆಯದಕ್ಕೆ ತಳ್ಳಿತ್ತು. ನನಗೆ ಭಯವಾಗಿದ್ದು ಅದಕ್ಕೇ. ಮಾಡಿದ್ದನ್ನು ಇನ್ನೊಂದು ಸಲ ಬೇರೆ ಥರ ಮಾಡಬಹುದು. ಕಾಲನ್ನು ಎಲ್ಲಿ ಬಿಟ್ಟು ಬರುವುದು? ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. "ನಾಲೆ ಕಡೆ ಹೋದಾಗ ಅನ್ನಿಸುತ್ತೆ" ಅಂದಳು. ಮನೋವೈದ್ಯರ ಹತ್ತಿರ ಕಳಿಸಿದೆ. ಕೆಲ ಕಾಲ ನಾಲೆ ಕಡೆ ಒಬ್ಬಳೇ ಹೋಗಬಾರದು ಅಂತ ಅವಳ ಅಣ್ಣನಿಗೂ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಅನ್ನು ಅವಳ ಫೋನಿನಲ್ಲಿ ನಾನೇ ಸೇವ್ ಮಾಡಿಕೊಟ್ಟೆ. ಹಗಲೂ ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರನೇ ಸಲ ಅತ್ತೆಯನ್ನೂ ಕರೆಸಿದೆ. ಕೆಟ್ಟ ಹೆಂಗಸು ಅಂದುಕೊಂಡು ಕೂತಿದ್ದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಮಾತು ಹೋಗಿ ಹೋಗಿ ಕಿರಿಯ ಮಗನ ಹತ್ತಿರ ಬರುತ್ತಿತ್ತು. ಅವನೂ ಅದೇ ಆಲೆಮನೆಗೆ ಹೋಗುತ್ತಾನೆ. ಅದೇ ಏರಿ, ಅದೇ ತಿರುವು.

ಆಗ ನನಗೆ ಅರ್ಥವಾಯಿತು. ದೊಡ್ಡ ಮಗ ಸುಮ್ನೆ, ಕಾರಣವೇ ಇಲ್ಲದೆ ಸತ್ತ ಅಂತಾದರೆ ಚಿಕ್ಕವನೂ ಹಾಗೇ ಸಾಯಬಹುದು. ಸೊಸೆಯ ಕಾಲ್ಗುಣ ಅಂದುಬಿಟ್ಟರೆ ಚಿಕ್ಕವನು ಉಳಿಯುತ್ತಾನೆ. ಊರಿನವರದ್ದೂ ಅದೇ ಕಥೆ. ಕುಡಿದಿದ್ದ ಅಂದರೆ ಕುಡಿಯದ ನಮಗೆ ಏನೂ ಆಗಲ್ಲ, ಅಲ್ವಾ?

ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಉತ್ತರ ತಪ್ಪಿದಾಗಲೆಲ್ಲ ಒಬ್ಬ ಹುಡುಗಿಗೆ ಕರೆಂಟ್ ಶಾಕ್ ಕೊಡುವುದನ್ನು ಕಾಲೇಜು ಹುಡುಗಿಯರಿಗೆ ತೋರಿಸಿದರು. ಶಾಕ್ ನಿಜದ್ದಲ್ಲ, ನಟನೆ. ಶಾಕ್ ತಪ್ಪಿಸಿ ಬಹುಮಾನ ಕೊಡಿಸುವ ಅವಕಾಶ ಸಿಕ್ಕವರು ಆ ಹುಡುಗಿಯನ್ನು ಅಷ್ಟಾಗಿ ಹೀಗಳೆಯಲಿಲ್ಲ. ಏನೂ ಮಾಡಲಾಗದೆ ನೋಡಬೇಕಾದವರು ಅವಳನ್ನೇ ಹೀಗಳೆದರು. ಕೈ ಕಟ್ಟಿಹಾಕಿದಾಗ ನಾಲಿಗೆ ನೊಂದವರ ಮೇಲೆ ತಿರುಗುತ್ತದೆ. ಅದಕ್ಕೇ ಅತ್ತೆಗೆ ಬುದ್ಧಿ ಹೇಳುವ ಬದಲು ಏನಾದರೂ ಕೆಲಸ ಕೊಡಬೇಕು ಅನ್ನಿಸಿತು.

ಮೊದಲು ಒಂದು ವಿಷಯ ಕೇಳಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಸತ್ತಿದ್ದು ನೆನಪಿದೆಯಾ ಅಂತ. ನೆನಪಿಲ್ಲದೇ ಇರುತ್ತಾ? "ಇಸ್ಕೂಲ್ ಮಕ್ಳು ಕಣವ್ವ, ಪಾಪ" ಅಂದರು.

"ಆ ಮಕ್ಕಳು ಏನು ಮಾಡಿದ್ವು ಅಮ್ಮ?"

"ಅವೇನ್ ಮಾಡ್ತವೆ, ಪಾಪ." ಅಷ್ಟು ಹೇಳಿ ಸುಮ್ಮನಾದರು. ಸೆರಗು ಸುತ್ತುತ್ತಿದ್ದ ಬೆರಳು ನಿಂತಿತು. ಸೊಸೆಗೆ "ಯಾವ ಪಾಪ ಮಾಡಿದ್ಯೋ" ಅನ್ನುತ್ತಿದ್ದ ಬಾಯಲ್ಲೇ ಆ ಇನ್ನೊಂದು ಪಾಪ ಬಂದಿತ್ತು. ನಾನು ಅದನ್ನು ಎತ್ತಿ ತೋರಿಸಲಿಲ್ಲ.

ಆಮೇಲೆ ಕೆಲಸದ ಮಾತು. ಬೈಕಿನ ವಿಮೆ ಪತ್ರ ಎಲ್ಲಿದೆ ಅಂದೆ. ನಾಲ್ಕು ತಿಂಗಳಲ್ಲಿ ಯಾರೂ ನೋಡಿರಲಿಲ್ಲ! ಗಾಡಿ ಅವನ ಹೆಸರಲ್ಲೇ ಇತ್ತು, ಲೈಸೆನ್ಸ್ ಇತ್ತು. ಮಾಲೀಕನೇ ಓಡಿಸುವಾಗ ಸತ್ತರೆ 15 ಲಕ್ಷ ರೂಪಾಯಿ ಸಿಗುವ ವೈಯಕ್ತಿಕ ಅಪಘಾತ ವಿಮೆಯೂ ಆ ಪಾಲಿಸಿಯಲ್ಲಿತ್ತು. ಕುಡಿದು ಓಡಿಸಿದ್ದರೆ ಅದು ಸಿಗುವುದಿಲ್ಲ. ಊರಿನವರು ಬಾಯಿಚಪಲಕ್ಕೆ ಆಡಿದ ಮಾತು ಈ ಮಗುವಿನ ಅನ್ನಕ್ಕೇ ಕಲ್ಲು ಹಾಕಬಹುದಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವನು ಕುಡಿದಿರಲಿಲ್ಲ ಅಂತ ವರದಿಯಲ್ಲೇ ಇತ್ತು. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ ಎಲ್ಲ ಜೋಡಿಸಿ ಅರ್ಜಿ ಹಾಕಿ ಅಂದೆ. ವಿಧವಾ ವೇತನಕ್ಕೆ ನಾಡಕಚೇರಿಗೆ ಹೋಗಲು ಹೇಳಿದೆ. ಆ ತಿರುವಿಗೆ ತಡೆಗೋಡೆ ಬೇಕು ಅಂತ ಪಂಚಾಯಿತಿಗೂ ನೀರಾವರಿ ಇಲಾಖೆಗೂ ಅರ್ಜಿ ಕೊಡಬೇಕು, ಮೊದಲ ಹೆಬ್ಬೆಟ್ಟು ನಿಮ್ಮದೇ ಇರಲಿ ಅಂತ ಅತ್ತೆಗೆ ಹೇಳಿದೆ.

ಸವಿತಾಗೆ ಕೊಟ್ಟ ಸಲಹೆ ಚಿಕ್ಕದು. ಕಾಲ್ಗುಣದ ಮಾತು ಬಂದಾಗ ವಾದ ಮಾಡಬೇಡ. "ಅತ್ತೆ, ನನಗೂ ಅವರು ಬೇಕಿತ್ತು" ಅಂತ ಒಂದೇ ಮಾತು ಹೇಳಿ ಎದ್ದು ಹೋಗು. ಬಾಟಲಿಯನ್ನು ಬಿಸಾಡು ಅಂತ ನಾನು ಹೇಳಲಿಲ್ಲ.

ಅತ್ತೆ ಪೂರ್ತಿ ಬದಲಾಗಿಲ್ಲ. ಹಬ್ಬದ ದಿನ ಮತ್ತೆ ಅಂದರಂತೆ. ವಿಮೆ ಅರ್ಜಿ ಇನ್ನೂ ನಡೆಯುತ್ತಿದೆ. ತಡೆಗೋಡೆ ಬಂದಿಲ್ಲ. ಆದರೆ ಊರಿನ 60 ಜನ ಅರ್ಜಿಗೆ ಸಹಿ ಹಾಕಿದ್ದಾರೆ. ತಿರುವಿನಲ್ಲಿ ಬಿಳಿ ಬಣ್ಣ ಬಳಿದ ಐದು ಕಲ್ಲು ನೆಟ್ಟಿದ್ದಾರೆ. ಬಣ್ಣ ಬಳಿದವನು ಕಿರಿಯ ಮಗ. ಅತ್ತೆಯೂ ಸವಿತಾಳೂ ಮಗುವನ್ನು ಎತ್ತಿಕೊಂಡು ನೋಡಲು ಹೋಗಿದ್ದರಂತೆ.